ಮಟನ್ ಬಿಟ್ಟ ಬಿರಿಯಾನಿ ರಹಿಮತ್ಬಿ

ಯಲ್ಲಾಪುರದ ಮದುವೆ ಹಾಲ್‌ನ ಹಿಂಬದಿಯಲ್ಲಿ ದೇಗಿನ ಬಾಯಿಗೆ ಹಿಟ್ಟು ಮೆತ್ತುತ್ತಿದ್ದಾಗ ರಹಿಮತ್ಬಿಯ ಎದೆಯನ್ನು ಏನೋ ಹಿಡಿದುಕೊಂಡಿತು. ದೇಗು ಅಂದರೆ ಒಬ್ಬ ಮನುಷ್ಯ ಒಳಗೆ ಕೂರುವಷ್ಟು ದೊಡ್ಡ ತಾಮ್ರದ ಹಂಡೆ. ಅದರೊಳಗೆ ಅಕ್ಕಿ, ಮಟನ್ ಪದರ ಪದರವಾಗಿ ಬಿದ್ದಿತ್ತು. ಮುಚ್ಚಳದ ಸುತ್ತ ಹಿಟ್ಟು ಕೂರಿಸಿ ಮೇಲೆ ಕೆಂಡ ಹರಡಿದರೆ ದಮ್ ಕಟ್ಟಿದಂತೆ. ಮೊದಲು ಗ್ಯಾಸ್ ಇರಬೇಕು ಅಂದುಕೊಂಡಳು. ನೋವು ಎಡಗೈಗೆ ಇಳಿದು, ಗಲ್ಲಕ್ಕೆ ಏರಿದಾಗ ಗ್ಯಾಸ್ ಅಲ್ಲ ಅನ್ನುವುದು ಗೊತ್ತಾಯಿತು. ಆದರೂ ಹಿಟ್ಟು ಮೆತ್ತುವುದನ್ನು ನಿಲ್ಲಿಸಲಿಲ್ಲ. ಕೊನೆಯ ಮುಚ್ಚಳಕ್ಕೆ ಕೆಂಡ ಹಾಕಿಸಿ, ಕಟ್ಟಿಗೆಯ ರಾಶಿಯ ಮೇಲೆ ಕೂತು, ಸೊಸೆಯನ್ನು ಕರೆದಳು.

"ನಿಲೋಫರ್, ಆತಿಫ್‌ಗೆ ಗಾಡಿ ತರೋಕೆ ಹೇಳು. ಊಟ ಬಡಿಸೋಕೆ ಇನ್ನೂ ಹೊತ್ತಿದೆ, ಯಾರಿಗೂ ಹೇಳಬೇಡ."

ಮಗ ಆತಿಫ್ ಗೂಡ್ಸ್ ಗಾಡಿ ಓಡಿಸುವವನು. ತಾಯಿಯ ಮುಖದ ಬೆವರು ನೋಡಿ ಅವನು ಗಾಡಿಯನ್ನು ಎಲ್ಲೂ ನಿಲ್ಲಿಸದೆ ಓಡಿಸಿದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂದು ರಕ್ತನಾಳ ಕಟ್ಟಿಕೊಂಡಿದೆ ಅಂದರು, ಸ್ಟೆಂಟ್ ಹಾಕಿದರು. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟ ರಹಿಮತ್ಬಿ ಗಂಡನನ್ನು ಕೇಳಿದ ಮೊದಲ ಮಾತು, "ದಮ್ ಸರಿ ಬಂದಿತ್ತಾ?"

ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುತ್ತ ಬದುಕಿದ ನೂರ್ ಅಹ್ಮದ್ ಮಾತಿಗಿಂತ ತಲೆಯಾಡಿಸುವುದೇ ಹೆಚ್ಚು. ಅವತ್ತು ತಲೆಯಾಡಿಸುವುದನ್ನೂ ಬಿಟ್ಟು ಹೆಂಡತಿಯ ಕೈ ಹಿಡಿದುಕೊಂಡ.

ಅವಳು ಹಾಗೇ. ತಂದೆ ಮದುವೆ ಅಡಿಗೆಯವರು. ಅವಳಿನ್ನೂ ಮದುವೆಯಾಗದ ಹುಡುಗಿಯಾಗಿದ್ದಾಗ ಮುಂಡಗೋಡದಲ್ಲಿ ಒಂದು ಮದುವೆಯ ಔತಣದ, ಅಂದರೆ ದಾವತ್ತಿನ, ದಿನ ತಂದೆ ಜಾರಿಬಿದ್ದು ಸೊಂಟ ಮುರಿದುಕೊಂಡರು. ಮದುವೆ ಮನೆಯವರು ಬೇರೆ ಅಡಿಗೆಯವನನ್ನು ಹುಡುಕಲು ಹೊರಟಿದ್ದರು. ರಹಿಮತ್ಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ನಿಂತು, "ಅಬ್ಬಾನ ಕೈ ನೋಡುತ್ತ ಬೆಳೆದವಳು ನಾನು. ಕೆಟ್ಟರೆ ನನ್ನನ್ನು ಕೇಳಿ" ಅಂದಿದ್ದಳು. ಕೆಡಲಿಲ್ಲ. ಅಲ್ಲಿಂದ ಮುಂದೆ ಯಲ್ಲಾಪುರದಲ್ಲಿ, ಶಿರಸಿಯಲ್ಲಿ, ಹಳಿಯಾಳದವರೆಗೂ ಒಳ್ಳೆಯ ಮನೆತನದ ಮದುವೆ ಅಂದರೆ ರಹಿಮತ್ಬಿಯ ಬಿರಿಯಾನಿ. ಅವಳ ಮನೆಯಲ್ಲೂ ಮಟನ್ ಇಲ್ಲದ ದಿನ ಕಡಿಮೆ. ಸಾರು ಮಾಡಿದರೂ ಅದರಲ್ಲೊಂದು ಎಲುಬು ಇರಲೇಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ಶಿರಸಿಯ ಡಾಕ್ಟರಮ್ಮನ ಹತ್ತಿರ ತೋರಿಸುವುದು ರೂಢಿಯಾಯಿತು. ಅವರು ಮಾತ್ರೆ ವಿವರಿಸಿದರು, ದಿನಾ ನಡೆಯಬೇಕು ಅಂದರು, ಮಟನ್, ತುಪ್ಪ, ಡಾಲ್ಡಾ ಕಡಿಮೆ ಮಾಡಿ ಅಂದರು. ಬಾಗಿಲ ಹೊರಗೆ ಬಂದು ರಹಿಮತ್ಬಿ ಗಂಡನಿಗೆ ಹೇಳಿದಳು.

"ಕಡಿಮೆ ಮಾಡೋದು ನನ್ನಿಂದ ಆಗಲ್ಲ. ಇವತ್ತು ಒಂದು ತುಂಡು ಅಂದರೆ ಶುಕ್ರವಾರದ ಜುಮ್ಮಾಕ್ಕೆ ತಟ್ಟೆ ತುಂಬ ಆಗುತ್ತೆ. ನನ್ನ ನಾಲಿಗೆ ನನಗೆ ಗೊತ್ತು. ಬಿಟ್ಟೇ ಬಿಡ್ತೀನಿ."

"ಎಲ್ಲಾನೂ?"

"ಎಲ್ಲಾನೂ. ಮಟನ್, ಕೋಳಿ, ಮೀನು, ಮೊಟ್ಟೆ. ಹಾಲು ತುಪ್ಪಾನೂ."

"ಚಾ?" ಅಂದ ನೂರ್ ಅಹ್ಮದ್, ಇನ್ನೂ ನಂಬದೆ.

ಆ ಪ್ರಶ್ನೆಗೆ ಮಾತ್ರ ಅವಳು ಬಸ್‌ಸ್ಟ್ಯಾಂಡ್ ತಲುಪುವವರೆಗೂ ಉತ್ತರ ಕೊಡಲಿಲ್ಲ. ಕೊನೆಗೆ, "ಲಿಂಬೆಹಣ್ಣು ಹಿಂಡಿ ಕುಡೀತೀನಿ" ಅಂದಳು. ಅವಳ ಕಣ್ಣಲ್ಲಿ ನೀರು ನಿಂತಿದ್ದನ್ನು ಅವನು ಕಂಡೂ ಕಾಣದಂತಿದ್ದ.

ಬಿಡುವುದೇನೋ ಬಿಟ್ಟಳು. ಆದರೆ ಬಿಟ್ಟ ಜಾಗದಲ್ಲಿ ಏನು ಇಡಬೇಕು ಅನ್ನುವುದು ಅವಳಿಗೆ ತಿಳಿಯಲಿಲ್ಲ. ಮಟನ್ ಸಾರಿನಿಂದ ಮಟನ್ ತೆಗೆದರೆ ಉಳಿಯುವುದು ಮಸಾಲೆ ನೀರು. ಅನ್ನಕ್ಕೆ ಅದನ್ನೇ ಹಾಕಿಕೊಂಡಳು. ಹಸಿವಾದಾಗ ಬಿಸ್ಕತ್ತು, ಖಾರಿ, ಬೇಕರಿಯ ಬ್ರೆಡ್ಡು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಮುಖ ಬಿಳಿಚಿಕೊಂಡಿತು, ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಿತ್ತು, ಹೊಟ್ಟೆ ಸರಿಯಾಗಿ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ತಲೆ ಸುತ್ತಿ ಕೂತುಬಿಟ್ಟಾಗ ಪಕ್ಕದ ಮನೆಯ ದೇವಕ್ಕ ಓಡಿ ಬಂದಳು.

ದೇವಕ್ಕ ದೊಡ್ಮನೆ ಅನ್ನುವ ಊರಿನ ಕಡೆಯವಳು, ಯಲ್ಲಾಪುರಕ್ಕೆ ಮದುವೆಯಾಗಿ ಬಂದು ಅಂಗನವಾಡಿಯಲ್ಲಿ ದುಡಿದು ನಿವೃತ್ತಳಾದವಳು. ಎರಡು ಮನೆಗಳ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಹಬ್ಬಕ್ಕೆ ಆ ಕಡೆಯಿಂದ ಕಜ್ಜಾಯ ಬರುತ್ತಿತ್ತು, ಈ ಕಡೆಯಿಂದ ಶೀರ್ ಖುರ್ಮಾ ಹೋಗುತ್ತಿತ್ತು. ಅಷ್ಟು ಬಿಟ್ಟರೆ ಒಬ್ಬರ ಅಡಿಗೆಮನೆಯೊಳಗೆ ಇನ್ನೊಬ್ಬರು ಕಾಲಿಟ್ಟವರಲ್ಲ.

"ಎಂತ ತಿಂತಾ ಇದ್ದೀಯೇ ನೀನು?" ಎಂದು ಕೇಳಿದಳು ದೇವಕ್ಕ. ರಹಿಮತ್ಬಿ ಹೇಳಿದಳು. ದೇವಕ್ಕ ಹಣೆ ಚಚ್ಚಿಕೊಂಡಳು. "ಮಾರಾಯ್ತಿ, ನಮ್ಮ ಮನೇಲಿ ತಲೆತಲಾಂತರದಿಂದ ಮಾಂಸ ತಿಂದವರಿಲ್ಲ. ಹಾಗಂತ ಬಿಸ್ಕತ್ತು ತಿಂದು ಬದುಕಿದವರೂ ಇಲ್ಲ."

ಮುಂದಿನ ಸಲ ಶಿರಸಿಗೆ ಹೋದಾಗ ದೇವಕ್ಕನೂ ಜೊತೆಗೆ ಹೊರಟಳು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ ಬಿ ಹನ್ನೆರಡು ತೀರಾ ಕೆಳಗಿದೆ ಎಂದು ಅದಕ್ಕೆ ಮಾತ್ರೆ ಬರೆದು, ಅದೇ ಆಸ್ಪತ್ರೆಯ ಆಹಾರ ಸಲಹೆಗಾರ್ತಿ ಚೇತನಾಳ ಹತ್ತಿರ ಕಳಿಸಿದರು. ಚೇತನಾ ಹೇಳಿದ್ದು ಉದ್ದವೇನಿರಲಿಲ್ಲ.

"ಬಿಡೋಕೆ ಗಟ್ಟಿ ಮನಸ್ಸು ಬೇಕು, ಅದು ನಿಮಗಿದೆ ಅಮ್ಮ. ಇನ್ನು ಸೇರಿಸೋದನ್ನ ಕಲೀಬೇಕು. ಮೊದಲು ಬೇಳೆ, ಕಾಳು. ಹುರುಳಿ, ಹೆಸರು, ಕಡಲೆ. ಆಮೇಲೆ ಸೊಪ್ಪು, ರಾಗಿ, ಕೆಂಪಕ್ಕಿ. ತೆಂಗಿನಕಾಯಿ ಮಾತ್ರ ಹಿಡಿತದಲ್ಲಿರಲಿ."

"ತೆಂಗಿನಕಾಯಿಯೂ ಬೇಡವಾ?" ಇದು ದೇವಕ್ಕ. ದನಿಯಲ್ಲಿ ಸಿಟ್ಟೇ ಇತ್ತು.

"ಬೇಡ ಅನ್ನಲಿಲ್ಲ, ಸ್ವಲ್ಪ ಸಾಕು." ಚೇತನಾ ನಕ್ಕಳು. "ಮೀನು ಬಿಟ್ಟಿದ್ದಾರಲ್ಲ, ಮೀನಿನಲ್ಲಿದ್ದ ಒಳ್ಳೆ ಜಿಡ್ಡು ಗಿಡದಿಂದ ಸ್ವಲ್ಪ ಬರಬೇಕು. ಅದಕ್ಕೆ ಅಗಸೆ ಇದೆ, ಚಿಯಾ ಬೀಜ ಇದೆ. ಚಿಯಾದಲ್ಲಿ ನಾರೂ ಚೆನ್ನಾಗಿದೆ, ನಿಮ್ಮ ಹೊಟ್ಟೆಗೂ ಒಳ್ಳೇದು. ದಿನಕ್ಕೆ ಒಂದು ಚಮಚದಿಂದ ಶುರು ಮಾಡಿ. ಚೆನ್ನಾಗಿ ನೆನೆಸಿ. ನೀರು ಹೆಚ್ಚು ಕುಡೀರಿ. ರಕ್ತ ತೆಳುವಾಗೋ ಮಾತ್ರೆ ತೊಗೊಳ್ತಿದ್ದೀರಲ್ಲ, ಡಾಕ್ಟರನ್ನ ಒಂದು ಮಾತು ಕೇಳೇ ಶುರು ಮಾಡಿ. ಇದು ಔಷಧಿಯಲ್ಲ ಅಮ್ಮ, ಊಟ. ಇದನ್ನ ತಿಂತೀನಿ ಅಂತ ಮಾತ್ರೆ ಬಿಡೋ ಹಾಗಿಲ್ಲ."

ಡಾಕ್ಟರಮ್ಮ ಆಗಲಿ ಅಂದರು. ಆತಿಫ್ ಹುಬ್ಬಳ್ಳಿಯಿಂದ ಪೊಟ್ಟಣ ತಂದ. ಬೂದು ಕಪ್ಪು ಬಣ್ಣದ, ಗಸಗಸೆಗಿಂತ ತುಸು ದಪ್ಪನೆಯ ಬೀಜ. ನೂರ್ ಅಹ್ಮದ್ ಅಂಗೈಯಲ್ಲಿ ಹಾಕಿ ನೋಡಿ, "ಇದು ಫಾಲೂದಾಕ್ಕೆ ಹಾಕೋ ಸಬ್ಜಾ ಅಲ್ವಾ? ಇದಕ್ಕೆ ಹುಬ್ಬಳ್ಳಿಗೆ ಹೋಗಬೇಕಿತ್ತಾ?" ಅಂದ. ನೋಡಲು ಹತ್ತಿರವೇ, ಆದರೆ ಅದಲ್ಲ. ಸಬ್ಜಾ, ಅಂದರೆ ಕಾಮಕಸ್ತೂರಿ ಬೀಜ, ನೀರಿಗೆ ಬಿದ್ದ ಕೂಡಲೇ ಉಬ್ಬುತ್ತದೆ. ಇದಕ್ಕೆ ಹೊತ್ತು ಬೇಕು.

ಹೊತ್ತು ಕಾಯುವುದು ರಹಿಮತ್ಬಿಗೆ ದೇಗಿನ ಮುಂದೆ ಮಾತ್ರ ಗೊತ್ತಿತ್ತು. ಮರುದಿನ ಬೆಳಿಗ್ಗೆ, ದೇವಕ್ಕ ಬೇಲಿಯ ಈಚೆ ಬಂದು ಮಾತಾಡುತ್ತಿರುವಾಗಲೇ, ಒಂದು ಚಮಚ ಬೀಜವನ್ನು ಒಣದಾಗಿಯೇ ಬಾಯಿಗೆ ಎಸೆದುಕೊಂಡು, ಮೇಲೆ ಎರಡು ಗುಟುಕು ನೀರು ಕುಡಿದಳು. ಹೊಟ್ಟೆಗೆ ಹೋಗಿ ನೆನೆದರೂ ಒಂದೇ ಅನ್ನುವುದು ಅವಳ ಲೆಕ್ಕ. ಸ್ವಲ್ಪ ಹೊತ್ತಿಗೆ ಗಂಟಲ ಕೆಳಗೆ ಒಂದು ಗಂಟು ಕೂತಂತಾಯಿತು. ಇನ್ನೊಂದು ಗುಟುಕು ನೀರು ಕುಡಿದಳು. ಅದು ಕೆಳಗೆ ಇಳಿಯದೆ ಬಾಯಿಗೇ ಮರಳಿ ಬಂತು. ಎಂಜಲನ್ನೂ ನುಂಗಲಾಗಲಿಲ್ಲ. ಕಣ್ಣು ಅಗಲವಾದವು.

ದೇವಕ್ಕನಿಗೆ ಗಾಬರಿಯಲ್ಲಿ ತವರಿನ ಮಾತೇ ಬಾಯಿಗೆ ಬಂತು. "ಅಯ್ಯೋ, ಎಂತಾತೇ? ಹೆದರಡ, ಆನು ಇಲ್ಲೇ ಇದ್ದಿ! ನಿಲೋಫರ್, ಬಾರೇ!"

ರಹಿಮತ್ಬಿಯನ್ನು ಮುಂದಕ್ಕೆ ಬಾಗಿಸಿ ಹಿಡಿದರು. ಓಕರಿಕೆ ಒಂದರ ಮೇಲೊಂದು ಬಂತು. ಕೊನೆಗೆ ಲೋಳೆಯಂಥ ಒಂದು ಮುದ್ದೆ ಹೊರಬಿದ್ದಾಗ ಮೂವರೂ ನೆಲದ ಮೇಲೆಯೇ ಕೂತರು. ಗ್ಯಾರೇಜಿನಿಂದ ಓಡಿಬಂದ ನೂರ್ ಅಹ್ಮದ್ ಪೊಟ್ಟಣವನ್ನು ಎತ್ತಿ ಹಿತ್ತಲಿನ ಗೊಬ್ಬರದ ಗುಂಡಿಗೆ ಎಸೆದ. ಅಷ್ಟು ವರ್ಷದಲ್ಲಿ ಅವನು ದನಿ ಏರಿಸಿದ್ದು ಅದೇ ಮೊದಲಿರಬೇಕು.

"ಎದೆ ನೋವಿಗೆ ಸಾಯಲಿಲ್ಲ, ಈಗ ಬೀಜ ತಿಂದು ಸಾಯ್ತೀಯಾ? ಸಾಕು ಈ ಹಟ! ಎಲ್ಲರ ಹಾಗೆ ಊಟ ಮಾಡು, ದೇವರು ಇಟ್ಟಷ್ಟು ದಿನ ಇರು!"

ರಹಿಮತ್ಬಿ ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಎದ್ದಳು. ಹಿತ್ತಲಿಗೆ ಹೋಗಿ ಗುಂಡಿಯಿಂದ ಪೊಟ್ಟಣ ಎತ್ತಿ ತಂದಳು. ಬಾಯಿ ಕಟ್ಟಿದ್ದರಿಂದ ಒಳಗಿನದು ಹಾಗೇ ಇತ್ತು.

"ಆ ಹುಡುಗಿ ನೆನೆಸಿ ಅಂತ ಹೇಳಿದ್ದಳು. ನಾನು ಕೇಳಲಿಲ್ಲ. ತಪ್ಪು ನನ್ನದು, ಬೀಜದ್ದೇನು?" ಅಂದಳು, ದನಿ ಇನ್ನೂ ಒಡೆದಿತ್ತು. "ಅಕ್ಕಿ ನೆನೆಸದೆ ಬಿರಿಯಾನಿ ಮಾಡಿದವಳಲ್ಲ ನಾನು. ಇದಕ್ಕೂ ಆ ಮರ್ಯಾದೆ ಕೊಡಬೇಕಿತ್ತು."

ಅಲ್ಲಿಂದ ಅವಳು ಆ ಬೀಜವನ್ನು ಅಡಿಗೆಯವಳ ಕಣ್ಣಿನಿಂದ ನೋಡತೊಡಗಿದಳು. ನೀರಲ್ಲಿ ಹಾಕಿ, ಗಂಟಾಗದಂತೆ ಕದಡಿ, ಮತ್ತೆ ಕದಡಿ, ಪೂರಾ ಲೋಳೆಯಾದ ಮೇಲೆಯೇ ಮುಟ್ಟುವುದು. ಬರೀ ತಿಂದರೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. "ಇದಕ್ಕೆ ಸ್ವಂತದ್ದು ಅಂತ ಏನೂ ಇಲ್ಲ, ಯಾವುದರ ಜೊತೆ ಹಾಕ್ತೀವೋ ಅದೇ ಆಗುತ್ತೆ" ಅಂದಳು ನಿಲೋಫರಳಿಗೆ. ಬೆಳಿಗ್ಗೆಯ ರಾಗಿ ಗಂಜಿಗೆ ಸೇರಿಸಿದಳು, ಒಪ್ಪಿತು. ಮುರುಗಲ, ಅಂದರೆ ಪುನರ್ಪುಳಿ ಹಣ್ಣಿನ ಪಾನಕಕ್ಕೆ ಹಾಕಿದಳು, ಕೆಂಪು ನೀರಲ್ಲಿ ಕಾಳು ತೇಲಿ ಚೆಂದ ಕಂಡಿತು. ದೇವಕ್ಕ ಬೇಲಿಯಾಚೆಯಿಂದ ಒಂದೆಲಗದ ಸೊಪ್ಪು, ಬಸಳೆ, ಹುರುಳಿ ಕಟ್ಟಿನ ಸಾರಿನ ಬಗೆ ಎಲ್ಲ ದಾಟಿಸಿದಳು. ಮಜ್ಜಿಗೆ ಇಲ್ಲದೆ ತಂಬುಳಿ ಹೇಗೆ ಎಂದು ಇಬ್ಬರೂ ಜಗಳವಾಡಿ, ಕೊನೆಗೆ ಮುರುಗಲ ಹುಳಿ ಹಿಂಡಿ ಮಾಡಿದರು. ದೇವಕ್ಕ ಅದನ್ನು ತಂಬುಳಿ ಎಂದು ಕರೆಯಲು ಇವತ್ತಿಗೂ ಒಪ್ಪಿಲ್ಲ. ಆದರೆ ಉಂಡಳು.

ಒಂದು ಆಸೆ ಮಾತ್ರ ರಹಿಮತ್ಬಿಯನ್ನು ಬಿಡದೆ ಕಾಡುತ್ತಿತ್ತು. ಶಾಮಿ ಕಬಾಬ್. ಮಟನ್ನಿನ ಆಸೆಯಲ್ಲ, ಆ ಮೇಲಿನ ಗರಿ, ಒಳಗಿನ ಮೆದು, ಪುದೀನದ ಘಮ. ಎಳೆ ಹಲಸಿನಕಾಯಿ, ಕಡಲೆಬೇಳೆ ಬೇಯಿಸಿ, ಅರೆದು, ಅದೇ ಮಸಾಲೆ ಹಾಕಿ ತಟ್ಟಿದಳು. ಕಾವಲಿಗೆ ಹಾಕಿ ಮಗುಚಿದ ಕೂಡಲೇ ಪುಡಿಪುಡಿಯಾಯಿತು. ಹಿಟ್ಟು ಸೇರಿಸಿದರೆ ಬೋಂಡದಂತೆ ಗಟ್ಟಿ. ಮೊಟ್ಟೆ ಇದ್ದರೆ ಹಿಡಿದುಕೊಳ್ಳುತ್ತಿತ್ತು, ಮೊಟ್ಟೆ ಬಿಟ್ಟಿದ್ದಾಳೆ. ವಾರವಿಡೀ ಮನೆಯವರು ಒಡೆದ ಕಬಾಬಿನ ಪುಡಿಯನ್ನೇ ಅನ್ನಕ್ಕೆ ಕಲಸಿಕೊಂಡು ತಿಂದರು.

ಆಮೇಲೊಂದು ಮಧ್ಯಾಹ್ನ ನೆನೆಸಿದ ಚಿಯಾದ ಬಟ್ಟಲು ತೊಳೆಯಲು ಹೋದಾಗ ಅದರ ತಳಕ್ಕೆ ಅಂಟಿದ್ದ ಲೋಳೆ ಬೆರಳಿಗೆ ಹತ್ತಿ ಬಿಡಲಿಲ್ಲ. ರಹಿಮತ್ಬಿ ಎರಡು ಬೆರಳು ಒತ್ತಿ, ಬಿಡಿಸಿ, ಮತ್ತೆ ಒತ್ತಿ ನೋಡಿದಳು. ತೊಳೆಯುವುದನ್ನು ಬಿಟ್ಟು ಒಳಗೆ ಓಡಿದಳು. ನೀರು ಕಡಿಮೆ ಹಾಕಿ ಗಟ್ಟಿಯಾಗಿ ನೆನೆಸಿದ ಚಿಯಾವನ್ನು ಅರೆದ ಹಲಸಿಗೆ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ತಟ್ಟಿ, ಕಾವಲಿಗೆ ಇಟ್ಟಳು. ಮಗುಚುವ ಮೊದಲು "ಬಿಸ್ಮಿಲ್ಲಾ" ಅಂದಳು. ಕಬಾಬ್ ಇಡಿಯಾಗಿ ತಿರುಗಿ ಬಿತ್ತು, ಅಂಚು ಕೂಡ ಬಿರಿಯಲಿಲ್ಲ.

"ನಿಲೋಫರ್! ನೋಡು, ಹಿಡಿದುಕೊಂಡಿತು!"

ಅವತ್ತು ಅವಳು ಎಲ್ಲಕ್ಕಿಂತ ಮೊದಲನೆಯದನ್ನು ಬೇಲಿಯಾಚೆ ಕೊಟ್ಟಳು. ದೇವಕ್ಕ ಬಾಯಿಗೆ ಇಡುವ ಮುಂಚೆ ಒಂದು ಕ್ಷಣ ಅನುಮಾನದಿಂದ ನೋಡಿದಳು. "ಹಲಸು ದೇವಕ್ಕ, ನಿಮ್ಮ ತವರಿಂದ ಬಂದದ್ದೇ. ಬಾಂಡ್ಲೆ ಕಾವಲಿ ಎಲ್ಲ ಹೊಸದು" ಅಂದಳು ರಹಿಮತ್ಬಿ. ದೇವಕ್ಕ ತಿಂದಳು. ಮತ್ತೊಂದು ಕೇಳಿದಳು.

ವರ್ಷ ತಿರುಗಿತು. ಶಿರಸಿಯ ಡಾಕ್ಟರಮ್ಮ ಹೊಸ ರಿಪೋರ್ಟ್ ನೋಡಿ ಸಂತೋಷಪಟ್ಟರು. ಕೊಲೆಸ್ಟ್ರಾಲ್ ಚೆನ್ನಾಗಿ ಇಳಿದಿತ್ತು, ತೂಕವೂ ಇಳಿದಿತ್ತು, ಮುಖಕ್ಕೆ ಬಣ್ಣ ಬಂದಿತ್ತು. "ಬೀಜದಿಂದಾನಾ ಡಾಕ್ಟ್ರೇ?" ಎಂದು ನೂರ್ ಅಹ್ಮದ್ ಕೇಳಿದ. "ಮಾತ್ರೆ, ನಡಿಗೆ, ಕಾಳು, ಸೊಪ್ಪು, ಬೀಜ ಎಲ್ಲ ಸೇರಿ. ಯಾವುದನ್ನೂ ಬಿಡೋ ಹಾಗಿಲ್ಲ" ಅಂದರು ಅವರು. ರಹಿಮತ್ಬಿ ಕೇಳಿದ್ದು ಬೇರೆಯೇ.

"ನಾನು ಮತ್ತೆ ದೇಗಿನ ಮುಂದೆ ನಿಲ್ಲಬಹುದಾ?"

"ಭಾರ ಎತ್ತೋ ಹಾಗಿಲ್ಲ. ಹೊಗೆಯಿಂದ ದೂರ ನಿಂತು ಹೇಳಿ ಮಾಡಿಸಿ. ಸುಸ್ತಾದರೆ ಕೂತುಬಿಡಬೇಕು. ಹಟ ಮಾಡಬಾರದು."

"ಕೂರ್ತೀನಿ" ಅಂದಳು. ನೂರ್ ಅಹ್ಮದ್ ಆಕಾಶ ನೋಡಿದ.

ಅಷ್ಟರಲ್ಲಿ ಅವನ ಅಕ್ಕನ ಮಗಳ ಮದುವೆ ಶಿರಸಿಯಲ್ಲಿ ಗೊತ್ತಾಗಿತ್ತು. ಅಕ್ಕನನ್ನು ರಹಿಮತ್ಬಿ ಆಪಾ ಅಂತಲೇ ಕರೆಯುವುದು. ಆಪಾ ಹಾವೇರಿ ಕಡೆಯ ಒಬ್ಬ ಅಡಿಗೆಯವನಿಗೆ ಹೇಳಿಯಾಗಿತ್ತು. ರಹಿಮತ್ಬಿ ಸುದ್ದಿ ಕೇಳಿದ ದಿನವೇ ಬಸ್ಸು ಹತ್ತಿ ಹೋದಳು.

"ಆಪಾ, ಈ ಹುಡುಗಿ ಹುಟ್ಟಿದಾಗ ಹೆಸರಿಟ್ಟ ಅಕೀಕಾದ ದಾವತ್ತು ಮಾಡಿದವಳು ನಾನು. ಮದುವೆಗೆ ಬೇರೆಯವರ ಕೈ ಊಟ ಯಾಕೆ?"

ಆಪಾ ಮುಖ ತಿರುಗಿಸಿದಳು. "ನೀನೀಗ ಸೊಪ್ಪು ತಿನ್ನುವವಳು ಅಂತ ಎಲ್ಲರೂ ಹೇಳ್ತಾರೆ. ಬಾಯಿಗೆ ಹಾಕಿ ನೋಡದ ಬಿರಿಯಾನಿನ ಬೀಗರ ಮುಂದೆ ಹೇಗೆ ಇಡಲಿ? ಉಪ್ಪು ಹೆಚ್ಚಾದರೆ? ನಿನ್ನ ಆರೋಗ್ಯಕ್ಕೆ ಏನಾದರೂ ಆದರೆ? ನನ್ನ ಮೇಲೆ ಬರುತ್ತೆ ರಹಿಮತ್."

"ಮೂಗಿದೆ, ಕಿವಿ ಇದೆ. ದೇಗು ಕುದಿಯೋ ಸದ್ದಲ್ಲೇ ನೀರು ಎಷ್ಟಿದೆ ಅಂತ ಹೇಳ್ತೀನಿ. ನಾಲಿಗೆ ನಿಲೋಫರಳದ್ದು. ಅವಳನ್ನ ನಾನು ತಯಾರು ಮಾಡಿದ್ದೀನಿ." ಆಪಾ ಇನ್ನೂ ಈ ಕಡೆ ತಿರುಗದ್ದನ್ನು ನೋಡಿ, "ಕೆಟ್ಟರೆ ಎಲ್ಲರ ಮುಂದೆ ನನ್ನ ಹೆಸರು ಹೇಳಿ. ಚೆನ್ನಾಗಿ ಬಂದರೆ ನಿಲೋಫರಳ ಹೆಸರು ಹೇಳಿ" ಅಂದಳು. ಆಪಾ ಒಪ್ಪಿದಳು, ಮನಸ್ಸಿನಿಂದಲ್ಲ, ಈ ಹೆಂಗಸು ಹೊಸ್ತಿಲು ಬಿಟ್ಟು ಏಳುವುದಿಲ್ಲ ಅನ್ನುವುದು ಅರ್ಥವಾಗಿ.

ಮದುವೆಯ ದಿನ ರಹಿಮತ್ಬಿ ಹೊಗೆ ಬಾರದ ಕಡೆ ಕುರ್ಚಿ ಹಾಕಿಸಿಕೊಂಡು ಕೂತಳು. ಮಟನ್ ಮಸಾಲೆಯಲ್ಲಿ ಬೇಯುವಾಗ ಎದ್ದ ಘಮ ಅವಳ ಹೊಟ್ಟೆಯೊಳಗೆ ಕೈ ಹಾಕಿ ಎಳೆದಂತಾಯಿತು. ಒಂದು ಚಮಚ, ಬರೀ ರಸ, ಯಾರು ನೋಡುತ್ತಾರೆ? ಎರಡೂ ಕೈಯನ್ನು ಮಡಿಲಲ್ಲಿ ಒಂದರೊಳಗೊಂದು ಹೆಣೆದುಕೊಂಡು, ಆ ಅಲೆ ದಾಟಿ ಹೋಗುವವರೆಗೆ ಒಲೆಯ ಬೆಂಕಿಯನ್ನೇ ನೋಡಿದಳು.

ನಿಲೋಫರ್ ರಸ ನೆಕ್ಕಿ ನೋಡಿ, "ಅಮ್ಮಾ, ಉಪ್ಪು ಕಮ್ಮಿ ಇದೆ" ಅಂದಳು.

"ಇಲ್ಲ, ನಾನು ಹಾಕಿಸಿದ್ದು ಸರಿ ಇದೆ. ಅಕ್ಕಿಯಲ್ಲೂ ಉಪ್ಪಿದೆ."

"ಅಕ್ಕಿ ಲೆಕ್ಕ ಹಾಕಿಯೂ ಕಮ್ಮಿ."

ಸುತ್ತ ಇದ್ದವರು ಕೈ ನಿಲ್ಲಿಸಿದರು. ರಹಿಮತ್ಬಿಯ ಮಾತಿಗೆ ಎದುರು ಹೇಳಿದವರು ಇಲ್ಲ. ಅವಳು ಸೊಸೆಯ ಮುಖ ನೋಡಿದಳು. ಆ ಹುಡುಗಿಯ ಕಣ್ಣು ಬಗ್ಗಿರಲಿಲ್ಲ. ತನಗೆ ಬಂದದ್ದು ಸಿಟ್ಟೋ ಹೆಮ್ಮೆಯೋ ಅವಳಿಗೇ ಗೊತ್ತಾಗಲಿಲ್ಲ.

"ನಾಲಿಗೆ ನಿನ್ನದು. ಹಾಕು."

ಊಟಕ್ಕೆ ದಸ್ತರ್‌ಖಾನ್ ಬಟ್ಟೆ ಹಾಸಿದರು. ಮುಚ್ಚಳ ತೆಗೆದಾಗ ಹಾಲ್‌ನ ಆ ತುದಿಯವರೆಗೂ ಘಮ ಹೋಯಿತು. ಬೀಗರ ಕಡೆಯ ಹಿರಿಯರು ಎರಡನೇ ಸಲ ಬಡಿಸಿಕೊಂಡರು. ಆಗ ಆಪಾ, ಎಲ್ಲರೂ ನೋಡುವಂತೆ, ಮೇಲಿನ ಒಳ್ಳೆಯ ತುಂಡುಗಳನ್ನು ಆರಿಸಿ ಹಾಕಿದ ತಟ್ಟೆಯನ್ನು ರಹಿಮತ್ಬಿಯ ಮುಂದೆ ತಂದು ಹಿಡಿದಳು.

"ಇವತ್ತೊಂದು ದಿನ. ನನ್ನ ಮಗಳ ಮದುವೆ. ಬೇಡ ಅಂದರೆ ನನಗೆ ಅವಮಾನ."

ಹೆಂಗಸರ ಸಾಲೆಲ್ಲ ಇತ್ತ ತಿರುಗಿತು. ರಹಿಮತ್ಬಿ ತಟ್ಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡಳು, ಹಣೆಗೆ ಮುಟ್ಟಿಸಿದಳು, ಪಕ್ಕದಲ್ಲಿ ಕೂತಿದ್ದ ನಿಲೋಫರಳ ಮುಂದೆ ಇಟ್ಟಳು.

"ಆಪಾ, ನಿಮ್ಮ ಪ್ರೀತಿ ನನಗೆ ಸಂದಿತು. ಆದರೆ ಒಂದು ದಿನ ಅಂತ ನಾನು ಶುರು ಮಾಡಿದರೆ ಎಲ್ಲಾ ದಿನಾನೂ ಆ ಒಂದು ದಿನವೇ ಆಗುತ್ತೆ. ಈ ಹುಡುಗಿಗೆ ಮಗು ಆಗಬೇಕು, ಅದರ ಮದುವೆಗೂ ನಾನೇ ದಮ್ ಕಟ್ಟಬೇಕು. ಅಷ್ಟು ದಿನ ಬದುಕೋ ಆಸೆ ಇದೆ ನನಗೆ. ಹಸಿದುಕೊಂಡು ಹೋಗ್ತಿಲ್ಲ, ನಿಮ್ಮ ಮನೆಯಲ್ಲೇ ಉಂಡು ಹೋಗ್ತೀನಿ. ಬನ್ನಿ, ನನ್ನ ಜೊತೆ ಕೂರಿ."

ಅವಳು ತನಗೆಂದು ಬೇರೆಯಾಗಿ ಮಾಡಿಸಿಟ್ಟಿದ್ದ ಒಂದು ಸಣ್ಣ ಪಾತ್ರೆಯ ಮುಚ್ಚಳ ತೆಗೆದಳು. ಹಲಸಿನಕಾಯಿಯ ಬಿರಿಯಾನಿ, ಮೇಲೆ ಕಬಾಬ್. ಆಪಾ ನಿಂತೇ ಇದ್ದಳು. ಅವಳ ಮುಖದ ಬಿಗಿ ಸಡಿಲಿತೆಂದೇನೂ ಅಲ್ಲ, ಆದರೆ ಬೀಗಿತ್ತಿ, "ನನಗೆ ಸಕ್ಕರೆ ಕಾಯಿಲೆ ಇದೆ, ಅದೇನು ನೋಡೋಣ, ನನಗೂ ಸ್ವಲ್ಪ ಹಾಕಿ" ಎಂದು ಕೈ ಚಾಚಿದಾಗ ನಿಂತುಕೊಂಡಿರಲು ಆಗಲಿಲ್ಲ. ಕೂತಳು. ಒಂದು ಕಬಾಬ್ ಮುರಿದಳು, ಅಗಿದಳು, ಹೊತ್ತು ತೆಗೆದುಕೊಂಡಳು.

"ಒಡೆದಿಲ್ಲವಲ್ಲ. ಮೊಟ್ಟೆ ಹಾಕಿದ್ದೀಯಾ?"

"ಇಲ್ಲ. ನೆನೆಸಿದ ಚಿಯಾ ಬೀಜ."

"ಹ್ಞೂಂ." ಇನ್ನೊಂದು ತುಂಡು ಬಾಯಿಗಿಟ್ಟಳು. "ಚೆನ್ನಾಗಿದೆ. ಆದರೂ ಮಟನ್ ಮಟನ್ನೇ."

"ಹೌದು ಆಪಾ, ಮಟನ್ ಮಟನ್ನೇ" ಎಂದು ರಹಿಮತ್ಬಿ ನಕ್ಕಳು. ಆ ಮಾತನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಹಾಲ್‌ನಲ್ಲಿ ಇರಲಿಲ್ಲ.

ಸಂಜೆಗೆ ಬಾಡಿಗೆ ಪಾತ್ರೆಗಳನ್ನು ಗಾಡಿಗೆ ಏರಿಸುತ್ತಿದ್ದಾಗ ಬೀಗರ ಕಡೆಯ ಒಬ್ಬರು ಬಂದು, ಬರುವ ತಿಂಗಳು ತಮ್ಮ ಮನೆಯ ದಾವತ್ತಿಗೆ ಬರಬೇಕು ಅಂದರು. ಮೂರು ದೇಗು ಮಟನ್ ಬಿರಿಯಾನಿ, ಜೊತೆಗೆ ಮನೆಯ ಹಿರಿಯರಿಗೆ ಒಂದು ಪಾತ್ರೆ ಆ ಹಲಸಿನದ್ದು, ಆಗುತ್ತದೆಯೇ ಎಂದು ಕೇಳಿದರು.

"ನನ್ನನ್ನ ಕೇಳಬೇಡಿ. ಅಡಿಗೆಯವಳು ಅಲ್ಲಿದ್ದಾಳೆ" ಎಂದು ರಹಿಮತ್ಬಿ ನಿಲೋಫರಳ ಕಡೆ ಕೈ ತೋರಿಸಿ, ತಾನು ಕುರ್ಚಿಯಿಂದ ಎದ್ದು, ಇನ್ನೂ ಬಿಸಿಯಿದ್ದ ಒಲೆಯ ಬೂದಿಗೆ ನೀರು ಚಿಮುಕಿಸಲು ಹೊರಟಳು.